ಒಳಗೆ ಇಟ್ಟಂಗಿ ಪುಡಿ ಹಚ್ಚಬಾರದು

ಕಮಲಾಪುರದ ಮಸ್ತಾನಬಿಯನ್ನು ನಾನು ಕಂಡಾಗ ಆಕೆಯ ಹಲ್ಲೆಲ್ಲ ಬಿದ್ದುಹೋಗಿದ್ದವು, ದನಿ ಮಾತ್ರ ಇನ್ನೂ ಗಟ್ಟಿಯಾಗಿತ್ತು. ಮನೆಯ ಮುಂದಿನ ಕಲ್ಲಿನ ಕಟ್ಟೆಯ ಮೇಲೆ ಕೂತಿದ್ದಳು. ನಾನು ಕಲಬುರಗಿಯ ಗಾಜಿಪುರದ ಖಾನಾವಳಿ ಅಣವೀರಪ್ಪನವರ ಮೊಮ್ಮಗಳು ಎಂದು ಹೇಳಿದ್ದೇ ತಡ, ನನ್ನ ಕೈಗೆ ಎರಡು ಕೆಂಪು ಬಾಳೆಹಣ್ಣು ತುರುಕಿ, "ನಿಮ್ಮ ಮನ್ಯಾಗ ಈಗೂ ಇಟ್ಟಂಗಿ ಪುಡಿ ಹಚ್ಚಿ ಭಾಂಡಿ ತಿಕ್ತೀರೇನು?" ಎಂದು ಕೇಳಿ ಬೊಚ್ಚು ಬಾಯಿ ಅಗಲಿಸಿ ನಕ್ಕಳು.

ನಾನೂ ನಕ್ಕೆ. ನಮ್ಮ ಮನೆಯ ಗಂಡಸರು ಈ ಇಟ್ಟಂಗಿ ಪುಡಿಯ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ. ಒಮ್ಮೆ ಖಾನಾವಳಿಯಲ್ಲಿ ಪಲ್ಯ ಕೆಟ್ಟಿತ್ತು, ಆಮೇಲೆ ಸರಿಹೋಯಿತು, ಅಷ್ಟೇ ಅವರ ಕಥೆ. ಉಳಿದರ್ಧ ಹೆಂಗಸರ ಬಾಯಲ್ಲೇ ಉಳಿದುಕೊಂಡು ಬಂದಿದೆ. ನಾನು ಎರಡೂ ಅರ್ಧಗಳನ್ನು ಹೇಳುತ್ತೇನೆ. ಯಾರಿಗೆ ನಾಚಿಕೆಯಾಗುತ್ತದೋ ಅವರು ಕಿವಿ ಮುಚ್ಚಿಕೊಳ್ಳಲಿ.

ಸ್ಟೀಲು ಬಂದ ಮೇಲೆ ಎಲ್ಲರೂ ಮರೆತಿದ್ದಾರೆ. ಆಗ ಅಡುಗೆಯೆಲ್ಲ ತಾಮ್ರ ಹಿತ್ತಾಳೆಯ ಪಾತ್ರೆಯಲ್ಲೇ ನಡೆಯುತ್ತಿತ್ತು. ಬರಿಯ ತಾಮ್ರದಲ್ಲಿ ಹುಳಿ ಪದಾರ್ಥ ಇಟ್ಟರೆ ಹಸಿರು ಕಿಲುಬು ಏಳುತ್ತದೆ, ತಿಂದವರ ಹೊಟ್ಟೆ ತೊಳಸುತ್ತದೆ. ಅದಕ್ಕೇ ಪಾತ್ರೆಯ ಒಳಮೈಗೆ ತವರದ ತೆಳು ಪದರ ಕೊಡಬೇಕಾಗುತ್ತಿತ್ತು. ಅದೇ ಕಲಾಯಿ. ಅನ್ನಕ್ಕೂ ತಾಮ್ರಕ್ಕೂ ನಡುವೆ ಇರುವುದು ಆ ಪದರವೊಂದೇ. ಅದು ಇರುವಷ್ಟು ದಿನ ಯಾರಿಗೂ ಅದರ ನೆನಪಿರುವುದಿಲ್ಲ, ಹೋದ ದಿನ ಮಾತ್ರ ಎಲ್ಲರೂ ಕಲಾಯಿಗಾರನನ್ನು ಬೈಯುತ್ತಾರೆ.

ಕಮಲಾಪುರದ ಕಲಾಯಿಗಾರ ಲಾಲ್ ಅಹ್ಮದ್, ಮಸ್ತಾನಬಿಯ ಗಂಡ. ಗಂಡ ಹೆಂಡತಿ ಕೆಲಸ ಹಂಚಿಕೊಂಡಿದ್ದರು. ಮೊದಲು ಪಾತ್ರೆಯೊಳಗೆ ಮರಳು ಹಾಕಿ, ಮಸ್ತಾನಬಿ ಅದರಲ್ಲಿ ಕಾಲಿಟ್ಟು ನಿಂತು, ಗೋಡೆಗೆ ಎರಡೂ ಕೈ ಊರಿ, ಸೊಂಟ ತಿರುಗಿಸಿ ತಿರುಗಿಸಿ ಹಳೆಯ ಕೊಳೆಯನ್ನೆಲ್ಲ ಬಿಡಿಸುತ್ತಿದ್ದಳು. ಆಮೇಲೆ ತಿದಿ ಊದುವುದೂ ಆಕೆಯದೇ ಕೆಲಸ. ಕಾದು ಕೆಂಪಾದ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯ ಉಂಡೆಯಿಂದ ಒಂದೇ ಬೀಸಿಗೆ ಒಳಮೈಯೆಲ್ಲ ಬೆಳ್ಳಗೆ ಮಾಡುವುದು ಲಾಲ್ ಅಹ್ಮದನ ಕೆಲಸ. ಓಣಿಯಲ್ಲಿ ಕೂಗುವುದೂ ಅವನದೇ. "ಭಾಂಡೇ ಕಲಾಯೀ..." ಎಂದು ಅವನು ಊರಾಚೆಯ ತಾಜಸುಲ್ತಾನಪುರದಲ್ಲಿ ಕೂಗಿದರೆ ಗಾಜಿಪುರದ ಹೆಂಗಸರು ಪಾತ್ರೆ ಹೊರಗಿಡುತ್ತಾರೆ ಎಂದು ನಮ್ಮಜ್ಜ ಚೇಷ್ಟೆ ಮಾಡುತ್ತಿದ್ದನಂತೆ.

ಆಮೇಲೆ ಪೊಲೀಸ್ ಆಕ್ಷನ್ ಬಂತು. ಅದಕ್ಕೂ ಮೊದಲು ರಜಾಕಾರರ ಕಾಟಕ್ಕೆ ನಮ್ಮವರು ಹೊಲ ಮನೆ ಬಿಟ್ಟು ಸೊಲ್ಲಾಪುರದ ಕಡೆ ಓಡಿದ್ದರು. ನಿಜಾಮನ ರಾಜ್ಯ ಬಿದ್ದ ಮೇಲೆ ಆ ಸಿಟ್ಟು ಇಕ್ಕಳ ಬಿಟ್ಟು ಬೇರೇನನ್ನೂ ಕೈಯಲ್ಲಿ ಹಿಡಿಯದ ಲಾಲ್ ಅಹ್ಮದನಂಥವರ ಮೇಲೂ ತಿರುಗಿತು. ಇದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತಿದ್ದೇನೆ. ಕಮಲಾಪುರದ ಒಬ್ಬ ರೈತ ಅವನನ್ನು ತನ್ನ ಬಾಳೆತೋಟದಲ್ಲಿ ಬಚ್ಚಿಟ್ಟ. ಕೆಮ್ಮು ಬಂದರೆ ಯಾರಿಗಾದರೂ ಕೇಳಿಸೀತೆಂದು ಲಾಲ್ ಅಹ್ಮದ್ ಬಾಯಿಗೆ ರುಮಾಲು ತುರುಕಿಕೊಂಡು ಗಿಡಗಳ ನಡುವೆ ಕೂತಿದ್ದ. ಜೀವ ಉಳಿಯಿತು.

ತೋಟದಿಂದ ಹೊರಗೆ ಬಂದವನು ಉಂಡ, ನಮಾಜು ಮಾಡಿದ, ಹೆಂಡತಿಯ ಜೊತೆ ಮಾತಾಡಿದ. ಕೂಗಲು ಮಾತ್ರ ಅವನಿಂದ ಆಗಲಿಲ್ಲ. ಓಣಿಯ ಬಾಯಲ್ಲಿ ನಿಂತು ಬಾಯಿ ತೆರೆದವನು ರುಮಾಲನ್ನು ತುಟಿಗೆ ಒತ್ತಿಕೊಂಡು ವಾಪಸು ಬರುತ್ತಿದ್ದ. ಇಕ್ಕಳ ಹಿಡಿದರೆ ಬೀಸು ತಪ್ಪಿ ತವರವೆಲ್ಲ ಒಂದೇ ಕಡೆ ಗಂಟುಗಟ್ಟುತ್ತಿತ್ತು. ಕೂಗದ ಕಲಾಯಿಗಾರನನ್ನು ಯಾರು ಕರೆದು ಕೆಲಸ ಕೊಡುತ್ತಾರೆ? ಊರಿನ ಪಾತ್ರೆಗಳೂ ಇವರ ಒಲೆಯೂ ಒಟ್ಟೊಟ್ಟಿಗೆ ಕಪ್ಪಾಗತೊಡಗಿದವು.

ಎರಡು ವರ್ಷ ಹೀಗೇ ಹೇಗೋ ಹೇಗೋ ತಳ್ಳಿದ ಮೇಲೆ ಮಸ್ತಾನಬಿ ಒಂದು ದಿನ ಸೀರೆಯ ಸೆರಗು ಬಿಗಿದು ಇಕ್ಕಳ ತಾನೇ ತೆಗೆದುಕೊಂಡಳು.

"ನಾ ಕೂಗ್ತೀನಿ, ನಾ ಕಲಾಯಿ ಹಾಕ್ತೀನಿ. ನೀ ತಿದಿ ಊದು."

"ಹೆಂಗಸು ಓಣ್ಯಾಗ ನಿಂತು ಕೂಗಿದ್ರ ಮಂದಿ ಏನಂದಾರು?" ಎಂದ ಲಾಲ್ ಅಹ್ಮದ್.

"ಏನರೆ ಅನ್ನಲಿ. ಭಾಂಡಿ ಕೊಟ್ರ ಸಾಕು."

ಕೆಲಸವೇನೂ ಹೊಸದಲ್ಲ, ಇಷ್ಟು ವರ್ಷ ಪಕ್ಕದಲ್ಲೇ ಕೂತು ನೋಡಿದ್ದಳು. ಆದರೂ ಮೊದಲ ಪಾತ್ರೆಗಳಲ್ಲಿ ಕೈ ಸುಟ್ಟುಕೊಂಡಳು, ಕೆಲವನ್ನು ಹಾಳು ಮಾಡಿ ಮತ್ತೆ ಮಾಡಿಕೊಟ್ಟಳು, ಬೈಸಿಕೊಂಡಳು. ಕಮಲಾಪುರದ ಕೆಲವು ಮನೆಗಳನ್ನಷ್ಟೇ ನೆಚ್ಚಿಕೊಂಡರೆ ಹೊಟ್ಟೆ ತುಂಬುವಂತಿರಲಿಲ್ಲ. ಖಾನಾವಳಿ, ಹೋಟೆಲು ಇರುವ ಕಲಬುರಗಿಗೇ ಹೋಗಬೇಕು. ಹೊರಟರು, ಆಕೆ ಮುಂದೆ, ತಿದಿ ಹೊತ್ತ ಗಂಡ ಹಿಂದೆ.

ಅದೇ ಹೊತ್ತಿಗೆ ಶಹರದಲ್ಲಿ ಬಲದಿಯಾದವರು ಹೊಸ ಕಾಯಿದೆ ತಂದಿದ್ದರು. ಪುರಸಭೆಯನ್ನು ಆಗ ಎಲ್ಲರೂ ಬಲದಿಯಾ ಎಂದೇ ಕರೆಯುತ್ತಿದ್ದರು. ಜನ ಬಂದು ಉಣ್ಣುವ ಜಾಗದಲ್ಲಿ ಪಾತ್ರೆಗಳಿಗೆ ತಿಂಗಳಿಗೊಮ್ಮೆ ಕಲಾಯಿ ಆಗಲೇಬೇಕು, ಅದೂ ಬಲದಿಯಾದ ಪಾಸು ಇರುವ ಕಲಾಯಿಗಾರನೇ ಹಾಕಬೇಕು, ತವರದಲ್ಲಿ ಸೀಸ ಬೆರೆಸಬಾರದು. ಸೀಸ ಅಗ್ಗ, ತವರ ತುಟ್ಟಿ. ಸೀಸದ ಕಲಾಯಿ ಹೊಳೆಯುವುದು ಹೊಳೆಯುತ್ತದೆ, ಆದರೆ ಉಂಡವರ ಹೊಟ್ಟೆಗೆ ನಿಧಾನ ವಿಷ.

ಇದನ್ನೆಲ್ಲ ತಪಾಸಣೆ ಮಾಡುವವನು ಇನ್ಸ್‌ಪೆಕ್ಟರ್ ದತ್ತಪ್ಪ. ಕಾಯಿದೆಯ ಮೇಲೆ ಅವನಿಗಿದ್ದ ಪ್ರೀತಿ ಸ್ವಂತ ಮಕ್ಕಳ ಮೇಲೂ ಇರಲಿಲ್ಲ ಎಂದು ಊರೆಲ್ಲ ನಗುತ್ತಿತ್ತು. ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿ ಕಣ್ಣು ಮುಚ್ಚಿ ಕೇಳುತ್ತಿದ್ದ. ಚೊಕ್ಕ ತವರ ಬಾಗುವಾಗ ಕರಕರ ಸದ್ದು ಮಾಡುತ್ತದೆ, ಸೀಸ ಬೆರೆತದ್ದು ಸುಮ್ಮನೆ ಬಾಗುತ್ತದೆ. ಕಲಾಯಿ ಹಾಕಿದ ಮೇಲೆ ಬಿಳಿಯ ಬಟ್ಟೆಯಿಂದ ಒಳಗೆ ಉಜ್ಜುತ್ತಿದ್ದ. ಬಟ್ಟೆ ಕಪ್ಪಾದರೆ ಪಾಸು ಇಲ್ಲ. ಮಸ್ತಾನಬಿಯ ಕಡ್ಡಿ ಸದ್ದು ಮಾಡಿತು, ಬಟ್ಟೆ ಬೆಳ್ಳಗೇ ಉಳಿಯಿತು.

"ಹೆಂಗಸಿನ ಹೆಸರಿಗೆ ಪಾಸು ಇದೇ ಮೊದಲು ಕೊಡಾಕತ್ತೀನಿ," ಎಂದ ದತ್ತಪ್ಪ. "ಹೆಚ್ಚು ಕಡಿಮಿ ಆದ್ರ ಮ್ಯಾಲಿನವ್ರಿಗೆ ನಾ ಜವಾಬು ಕೊಡಬೇಕಾಗ್ತದ. ನನ್ನ ಮಾನ ನಿನ್ನ ಕೈಯಾಗ ಅದ, ನೋಡು."

ಆ ಪಾಸು ಹಿಡಿದುಕೊಂಡು ಆಕೆ ಮೊದಲು ಬಂದದ್ದು ನಮ್ಮ ಖಾನಾವಳಿಗೆ. ಲಾಲ್ ಅಹ್ಮದ್ ಬಹಳ ವರ್ಷ ನಮ್ಮ ಪಾತ್ರೆಗಳಿಗೆ ಕಲಾಯಿ ಹಾಕಿದವನು, ಹಾಗಾಗಿ ಅಜ್ಜ ಬೇಡ ಎನ್ನಲಿಲ್ಲ. ಬೇಡ ಎಂದು ಹೇಳುವ ಧೈರ್ಯವೂ ಅಜ್ಜನಿಗೆ ಕಡಿಮೆಯೇ. ಅವನು ಜೋರಾಗಿ ಮಾತಾಡುತ್ತಿದ್ದದ್ದು ಗಿರಾಕಿಗಳ ಜೊತೆ ಮಾತ್ರ. ಮನೆಯಲ್ಲಿ ಆಡಳಿತ ಅವನ ಅಕ್ಕ ಶಿವಕಾಂತಮ್ಮನದು.

ಶಿವಕಾಂತಮ್ಮ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ಖಾನಾವಳಿಯ ಅಡುಗೆಮನೆಯೇ ಆಕೆಯ ಸಂಸ್ಥಾನ. ಆಕೆಯ ಪುಂಡಿಪಲ್ಯ ತಿನ್ನಲೆಂದೇ ಕಚೇರಿಯ ಗುಮಾಸ್ತರು, ಓದುವ ಹುಡುಗರು ದೂರದ ಓಣಿಗಳಿಂದ ನಡೆದು ಬರುತ್ತಿದ್ದರು. ಲಿಂಗ ಕಟ್ಟಿಕೊಂಡವರಿಗೆ ಮೈಲಿಗೆಯಿಲ್ಲ, ಸೂತಕವಿಲ್ಲ ಎಂದು ನಮ್ಮವರು ಸಭೆಯಲ್ಲಿ ಎದೆ ತಟ್ಟಿ ಹೇಳುತ್ತಾರೆ. ಶಿವಕಾಂತಮ್ಮನ ಅಡುಗೆಮನೆಯಲ್ಲಿ ಬೇರೆಯೇ ಕಾನೂನು ಇತ್ತು. ಅಲ್ಲಿ ಮಡಿ, ಮೈಲಿಗೆ, ಮುಟ್ಟುಚಟ್ಟು ಎಲ್ಲವೂ ಇದ್ದವು, ಮತ್ತು ಅವುಗಳ ಲೆಕ್ಕ ಆಕೆಗೊಬ್ಬಳಿಗೇ ಗೊತ್ತಿತ್ತು. ಅನ್ನ ಮಾಡುವ ಕೈ ಶುದ್ಧವಿರಬೇಕು ಎಂಬುದು ಆಕೆಗೆ ಸೊಕ್ಕಿನ ಮಾತಾಗಿರಲಿಲ್ಲ, ಭಯದ ಮಾತಾಗಿತ್ತು. ಉಂಡವರಿಗೆ ಏನಾದರೂ ಆದರೆ ಅದು ತನ್ನ ಪಾಪ ಎಂದೇ ನಂಬಿದ್ದಳು.

ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳಿಗೆ ಮಳೆ ಬಿದ್ದು ಹುಳಿ ಹುಳಿಯಾದ ಪುಂಡಿ ಸೊಪ್ಪು ಸಂತೆಯ ತುಂಬ ಬಂತು. ನಮ್ಮ ಕಡೆಯವರಿಗೆ ಗೊತ್ತಿರುವ ಹಾಗೆ ಪುಂಡಿಪಲ್ಯ ಮಾಡಿದ ದಿನಕ್ಕಿಂತ ಮರುದಿನವೇ ರುಚಿ. ಶಿವಕಾಂತಮ್ಮ ದೊಡ್ಡ ತಾಮ್ರದ ತಪೇಲಿಯಲ್ಲಿ ಪಲ್ಯ ಮಾಡಿ ಮುಚ್ಚಿಟ್ಟಳು. ಮರುದಿನ ಜೋಳದ ರೊಟ್ಟಿಯ ಜೊತೆ ಎಲ್ಲರೂ ಕೇಳಿ ಕೇಳಿ ಹಾಕಿಸಿಕೊಂಡರು. ಊಟ ಮುಗಿದು ಸ್ವಲ್ಪ ಹೊತ್ತಿಗೇ ಹುಡುಗರು ಹಿತ್ತಲಿನ ಗೋಡೆ ಹಿಡಿದು ವಾಂತಿ ಮಾಡತೊಡಗಿದರು. ಒಬ್ಬ ಗುಮಾಸ್ತನನ್ನು ದವಾಖಾನೆಗೆ ಸಾಗಿಸಬೇಕಾಯಿತು. ದೇವರ ದಯೆ, ಯಾರ ಜೀವಕ್ಕೂ ಏನೂ ಆಗಲಿಲ್ಲ.

ಆದರೆ ಗಾಜಿಪುರದ ಬಾಯಿಗೆ ಅಷ್ಟೇ ಸಾಕಾಯಿತು. ಲಾಲ್ ಅಹ್ಮದ್ ಇಷ್ಟು ವರ್ಷ ಕಲಾಯಿ ಹಾಕಿದಾಗ ಆಗದ್ದು ಈಗ ಯಾಕಾಯಿತು? ಹೆಂಗಸಿನ ಕೆಲಸ, ಹಾಗೇ ಆಗುವುದು ಎಂದರು ಕೆಲವರು. ಇನ್ನು ಕೆಲವರ ಮಾತು ಅದಕ್ಕಿಂತ ಕೆಟ್ಟದಿತ್ತು. "ಬೇಕಂತನೇ ಮಾಡ್ಯಾಳ. ಗಂಡ ತೋಟದಾಗ ಬಚ್ಚಿಟ್ಟುಕೊಂಡಿದ್ದನಲ್ಲ, ಅದರ ಸೇಡು ತೀರಿಸ್ಯಾಳ." ಆ ಕಾಲದಲ್ಲಿ ಇಂಥ ಮಾತು ಓಣಿಯಿಂದ ಓಣಿಗೆ ಹೋಗುವಷ್ಟರಲ್ಲಿ ಕೋಲು ಹಿಡಿದುಕೊಂಡು ವಾಪಸು ಬರುತ್ತಿತ್ತು. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ದತ್ತಪ್ಪ ಬಂದ. ಮಸ್ತಾನಬಿಯನ್ನೂ ಲಾಲ್ ಅಹ್ಮದನನ್ನೂ ಕರೆಸಿದ. ತಪೇಲಿಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಒಳಗೆ ಅಲ್ಲಲ್ಲಿ ತಾಮ್ರದ ಕೆಂಪು ಕಾಣುತ್ತಿತ್ತು, ಅಂಚಿನಲ್ಲಿ ಹಸಿರು ಕಟ್ಟಿತ್ತು. ಆಕೆಯ ಚೀಲದಲ್ಲಿದ್ದ ತವರದ ಕಡ್ಡಿ ಬಾಗಿಸಿ ಕೇಳಿದ. ಕರಕರ ಎಂದಿತು.

"ಸೀಸ ಇಲ್ಲ. ಹಂಗಾದ್ರ ತವರ ಉಳಿಸಾಕ ಹೋಗಿ ತೆಳ್ಳಗ ಹಾಕೀಯೇನು?"

"ಇಲ್ರೀ ಸಾಹೇಬ್ರ. ನಾ ಹಾಕಿದ ಕಲಾಯಿ ಹಿಂಗಿರಲಿಲ್ಲ."

"ಮತ್ತ ಇದು ಬ್ಯಾರೆಯವ್ರ ಭಾಂಡಿ ಏನು?"

"ಭಾಂಡಿ ಅದೇ ಅದ. ಕಲಾಯಿ ಎಲ್ಲಿ ಹೋತೋ ನನಗ ತಿಳೀವಲ್ದು," ಎಂದಳು ಮಸ್ತಾನಬಿ. ನಿಜವಾಗಿಯೂ ಆಕೆಗೆ ತಿಳಿದಿರಲಿಲ್ಲ.

ದತ್ತಪ್ಪ ಒಂದು ದಾರಿ ಹೇಳಿದ. ಮರುದಿನ ತನ್ನ ಕಣ್ಣೆದುರಿಗೇ ಇದೇ ತಪೇಲಿಗೆ ಕಲಾಯಿ ಹಾಕಬೇಕು. ಸಂಜೆ ಅದರಲ್ಲೇ ಪುಂಡಿಪಲ್ಯ ಮಾಡಿ, ಬಾಯಿಗೆ ಬಟ್ಟೆ ಕಟ್ಟಿ ಬಲದಿಯಾದ ಮುದ್ರೆ ಒತ್ತಿ ಇಡಬೇಕು. ಬೆಳಗ್ಗೆ ಬಿಚ್ಚಿದಾಗ ಪಲ್ಯ ಚೆನ್ನಾಗಿದ್ದರೆ ಪಾಸು ಉಳಿಯುತ್ತದೆ. ಹಸಿರು ಕಂಡರೆ ಶಹರದ ಯಾವ ಖಾನಾವಳಿಯಲ್ಲೂ ಆಕೆ ಪಾತ್ರೆ ಮುಟ್ಟುವಂತಿಲ್ಲ.

"ನಡಿ, ಊರಿಗೆ ಹೋಗೂಣು," ಎಂದು ಲಾಲ್ ಅಹ್ಮದ್ ಆಕೆಯ ಕೈ ಹಿಡಿದ. ಅವನ ಮುಖದಲ್ಲಿ ಮತ್ತೆ ಬಾಳೆತೋಟದ ಅಂಜಿಕೆ ಬಂದು ಕೂತಿತ್ತು. "ಪಾಸು ಹೋದ್ರ ಹೋಗಲಿ. ಇಲ್ಲಿ ಒಬ್ಬ ಕೈ ಎತ್ತಿದ್ರ ಮುಗೀತು."

"ಈಗ ಓಡಿದ್ರ ಮಾಡೀನಿ ಅಂತ ಒಪ್ಪಿಕೊಂಡಂಗ. ಆಮ್ಯಾಲ ಕಮಲಾಪುರದಾಗೂ ಯಾರು ಭಾಂಡಿ ಕೊಡ್ತಾರ?" ಎಂದಳು ಮಸ್ತಾನಬಿ. "ನನ್ನ ಕೈ ನನಗ ಗೊತ್ತದ. ನಾಳಿ ತಿದಿ ಜೋರಾಗಿ ಊದು, ಅಷ್ಟು ಮಾಡು."

ಮರುದಿನ ಖಾನಾವಳಿಯ ಅಂಗಳದಲ್ಲಿ ಕುಣಿ ತೋಡಿ ಇದ್ದಿಲು ಹಾಕಿದರು. ಪಡಸಾಲೆಯಲ್ಲಿ ಅಜ್ಜ, ದತ್ತಪ್ಪ, ವಾಂತಿ ಮಾಡಿ ಸುಧಾರಿಸಿಕೊಂಡಿದ್ದ ಒಬ್ಬ ಸಾಲೆ ಮಾಸ್ತರ, ಇನ್ನೂ ನಾಲ್ಕಾರು ಮಂದಿ ಪಂಚರ ಹಾಗೆ ಕೂತಿದ್ದರು. ಲಾಲ್ ಅಹ್ಮದ್ ತಲೆ ಎತ್ತದೆ ತಿದಿ ಊದಿದ. ಅಷ್ಟು ಕಣ್ಣುಗಳ ಎದುರಿಗೆ ಮಸ್ತಾನಬಿ ಪಾತ್ರೆಯೊಳಗೆ ನಿಂತು ಮರಳಲ್ಲಿ ತಿಕ್ಕಿದಳು, ಕಾಯಿಸಿದಳು, ನವಸಾಗರದ ಬಿಳಿಯ ಹೊಗೆ ಏಳುತ್ತಿದ್ದ ಹಾಗೇ ತವರ ಮುಟ್ಟಿಸಿ ಹತ್ತಿಯಿಂದ ಬೀಸಿದಳು. ನೀರಿಗೆ ಅದ್ದಿದಾಗ ತಪೇಲಿ ಚೊಂಯ್ ಎಂದಿತು. ಒಳಗೆ ನೋಡಿದ ಮಾಸ್ತರ ತನ್ನ ಮುಖ ಕಾಣುತ್ತದೆ ಎಂದ. ದತ್ತಪ್ಪನ ಬಟ್ಟೆಯೂ ಬೆಳ್ಳಗೇ ಉಳಿಯಿತು.

"ಒಳಗ ಒಯ್ದು ಅಡಗಿ ಮಾಡ್ರಿ," ಎಂದ ದತ್ತಪ್ಪ. ತಾನು ಒಳಗೆ ಹೋಗಲಿಲ್ಲ. ಬಲದಿಯಾದ ಕಾಯಿದೆ ಎಷ್ಟೇ ದೊಡ್ಡದಿದ್ದರೂ ಶಿವಕಾಂತಮ್ಮನ ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಬಿಡುತ್ತಿತ್ತು.

ಮಸ್ತಾನಬಿ ಕೈಕಾಲಿನ ಮಸಿ ತೊಳೆದುಕೊಳ್ಳಲು ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋದಳು. ಬಾವಿಯ ಹತ್ತಿರ ಬರುವಷ್ಟರಲ್ಲಿ ಗರಗರ ಸದ್ದು ಕೇಳಿಸಿತು. ಮೊಣಕಾಲೂರಿ ಕೂತ ಶಿವಕಾಂತಮ್ಮ ಈಗಷ್ಟೇ ಕಲಾಯಿ ಆದ ತಪೇಲಿಯೊಳಗೆ ಕೈ ಹಾಕಿ, ಹುಣಸೆಹಣ್ಣು, ಇಟ್ಟಂಗಿ ಪುಡಿ, ತೆಂಗಿನ ನಾರು ಸೇರಿಸಿ, ಜನ್ಮದ ಸಿ‌ಟ್ಟೆಲ್ಲ ತೀರಿಸಿಕೊಳ್ಳುವವಳಂತೆ ತಿಕ್ಕುತ್ತಿದ್ದಳು.

"ಯಾ ಅಲ್ಲಾ! ಅಕ್ಕಾ, ಏನ್ ಮಾಡಾಕತ್ತೀರಿ?"

"ಭಾಂಡಿ ತಿಕ್ಕಾಕತ್ತೀನಿ. ಕಣ್ಣು ಕಾಣಂಗಿಲ್ಲೇನು?"

"ಈಗ ಕಲಾಯಿ ಹಾಕಿ ಕೊಟ್ಟೀನಲ್ರೀ. ಕನ್ನಡಿ ಹಂಗ ಅದ. ಅದಕ್ಯಾಕ ಇಟ್ಟಂಗಿ ಪುಡಿ?"

"ನನ್ನ ರೂಢಿ ನನಗ. ಮೂರು ಸಲ ತಿಕ್ಕದ ಒಲಿಮ್ಯಾಲ ಇಡಂಗಿಲ್ಲ."

"ಅವರು ಹಾಕ್ತಿದ್ದಾಗೂ ಹಿಂಗೇ ತಿಕ್ತಿದ್ರೇನು?"

ಶಿವಕಾಂತಮ್ಮನ ಕೈ ನಿಂತಿತು. "ಅವ ಗಂಡಸು. ನೀ ಕಾಲಿಟ್ರೂ ಬೆಂಕ್ಯಾಗ ಹೋಗಿ ಬಂದಮ್ಯಾಲ ಮುಟ್ಟಾಂವ ಅವನೇ, ನೀರು ಹಾಕಿದ್ರ ಸಾಕಾಗ್ತಿತ್ತು."

"ಮತ್ತ ನನ್ನ ಭಾಂಡಿನೂ ಬೆಂಕ್ಯಾಗೇ ಹೋಗಿ ಬರ್ತದಲ್ಲ?"

ಶಿವಕಾಂತಮ್ಮ ಅತ್ತ ಇತ್ತ ನೋಡಿ ದನಿ ತಗ್ಗಿಸಿದಳು. "ನೀ ಹೆಂಗಸು. ಈಗ ಬೆಂಕಿ ಆದಮ್ಯಾಲೂ ಭಾಂಡ್ಯಾಗ ನಿನ್ನ ಕೈಯೇ ಆಡ್ತದ. ಯಾವತ್ತು ನೀ ಹೊರಗ ಕೂಡೋ ದಿನ ಇರ್ತದೋ, ಯಾವತ್ತು ಇರಂಗಿಲ್ಲೋ, ನಾ ಹ್ಯಾಂಗ ಕೇಳಲಿ? ಕೇಳಾಕ ನಾಚಿಕಿ. ಇಷ್ಟು ಮಂದಿಗೆ ಅನ್ನ ಹಾಕಾಕಿ ನಾನು. ಅದಕ್ಕ ತಿಕ್ಕಿಬಿಡ್ತೀನಿ, ಅನುಮಾನನೇ ಬ್ಯಾಡ ಅಂತ."

ಮಸ್ತಾನಬಿ ಬಾವಿಯ ಕಟ್ಟೆಯ ಮೇಲೆ ಧೊಪ್ಪನೆ ಕೂತಳು. ಮೊದಲು ಮೈಯೆಲ್ಲ ಉರಿಯಿತಂತೆ. ವಿಷ ಹಾಕಿದವಳು ಎನ್ನಿಸಿಕೊಂಡದ್ದು, ಗಂಡನ ಮುಖದ ಅಂಜಿಕೆ, ಎಲ್ಲ ಇದಕ್ಕೇನು? ಬೈಯಲು ಬಾಯಿ ತೆರೆದಳು. ಬಾಯಿಂದ ಬಂದದ್ದು ಬೇರೆ.

"ಅಕ್ಕಾ, ನಂದು ನಿಂತೇ ಹೋಗ್ಯಾದ್ರೀ."

"ಏನು?"

"ಅದೇ. ಪೊಲೀಸ್ ಆಕ್ಷನ್ ಆದಾಗ ಅವರು ತೋಟದಾಗ ಕುಂತಿದ್ರಲ್ಲ, ಆಗ ಅಂಜಿ ನಿಂತದ್ದು, ಮತ್ತ ಬರಲೇ ಇಲ್ಲ. ವಯಸ್ಸೂ ಆಗಿತ್ತು ಅನ್ರಿ."

ಶಿವಕಾಂತಮ್ಮ ಕೈಯಲ್ಲಿದ್ದ ನಾರನ್ನೂ ಮಸ್ತಾನಬಿಯನ್ನೂ ನೋಡಿದಳು. "ಶಿವ ಶಿವಾ! ಹಂಗಾದ್ರ ನಾ ಇಷ್ಟು ದಿನ ತಿಕ್ಕಿದ್ದು?"

"ಸುಮ್ಮಸುಮ್ಮನ ತಿಕ್ಕೀರಿ."

"ನನ್ನ ರಟ್ಟಿ ಬಿದ್ದುಹೋಗ್ಯಾವಲ್ಲೇ, ಹಡದವ್ವಾ! ಮೊದಲೇ ಒಂದು ಮಾತು ಹೇಳಾಕ ಬರ್ತಿರಲಿಲ್ಲೇನು?"

"ಏನಂತ ಹೇಳಲಿ? 'ಭಾಂಡೇ ಕಲಾಯೀ, ನಂದು ನಿಂತದ' ಅಂತ ಓಣ್ಯಾಗ ಕೂಗಲೇನು?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು, ಒಬ್ಬರ ಮುಖ ಒಬ್ಬರು ನೋಡಿದಷ್ಟೂ ಹೆಚ್ಚು ನಕ್ಕರು. ಆ ನಗುವಿನ ನಡುವೆಯೇ ಶಿವಕಾಂತಮ್ಮನ ಕಣ್ಣು ತಪೇಲಿಯೊಳಗೆ ಬಿತ್ತು. ಹುಣಸೆಯ ರಸದ ಕೆಳಗೆ, ಆಕೆ ಎಲ್ಲಕ್ಕಿಂತ ಹೆಚ್ಚು ಒತ್ತಿ ತಿಕ್ಕಿದ್ದ ಜಾಗದಲ್ಲಿ, ತಾಮ್ರ ಕೆಂಪಗೆ ಹೊಳೆಯುತ್ತಿತ್ತು. ಇಷ್ಟು ದಿನ ಆ ಕೆಂಪನ್ನು ನೋಡಿ, ಭಾಂಡಿ ಬೆಳಗಿತು ಎಂದು ಸಮಾಧಾನಪಟ್ಟುಕೊಂಡವಳು ಆಕೆ. ನಗು ನಿಂತುಹೋಯಿತು.

"ಹುಡುಗರು ವಾಂತಿ ಮಾಡಿಕೊಂಡದ್ದು ನನ್ನ ಕೈಯಿಂದೇನು, ಮಸ್ತಾನಬಿ?"

ಮಸ್ತಾನಬಿ ತಪೇಲಿಯನ್ನು ತನ್ನ ಕಡೆ ಎಳೆದುಕೊಂಡಳು. "ಅಕ್ಕಾ, ಅಳಬ್ಯಾಡ್ರಿ. ಕುಣಿ ಇನ್ನಾ ಬಿಸಿ ಅದ, ತವರ ನನ್ನ ಹತ್ರ ಅದ. ನೆಪ ಹೇಳಿ ಮತ್ತೊಮ್ಮೆ ಹಾಕಿ ಕೊಡ್ತೀನಿ. ಇವತ್ತು ತಿಕ್ಕಬ್ಯಾಡ್ರಿ. ಪಲ್ಯ ಕೆಡಂಗಿಲ್ಲ, ನನ್ನ ಪಾಸು ಉಳೀತದ, ನಿಮ್ಮ ಹೆಸರು ಬರಂಗಿಲ್ಲ. ಮುಗೀತು."

ಶಿವಕಾಂತಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಪಲ್ಯ ಕೆಡಂಗಿಲ್ಲ, ಖರೆ. ಆಗ ಮಂದಿ ಏನಂತಾರ? ಸಾಹೇಬ ಮುಂದ ಕುಂತಾಗ ಸರಿ ಹಾಕಿದ್ಲು, ಹಿಂದ ಮೋಸ ಮಾಡಿದ್ಲು ಅಂತಾರ. ಹಿಂದಿನ ಮಾತು ನಿನ್ನ ತಲಿಮ್ಯಾಲೇ ಉಳೀತದ. ಅದು ನನಗ ಬ್ಯಾಡ."

ತಪೇಲಿಯನ್ನು ಸೊಂಟಕ್ಕೇರಿಸಿಕೊಂಡು ಎದ್ದಳು. ಗಂಡಸರು ಕೂತಾಗ ಪಡಸಾಲೆಗೆ ಎಂದೂ ಬಾರದವಳು, ತಮ್ಮನ ಜೊತೆ ಮಾತಾಡಬೇಕಾದರೂ ಬಾಗಿಲ ಹಿಂದೆ ನಿಲ್ಲುತ್ತಿದ್ದವಳು, ಅಂದು ನಟ್ಟನಡುವೆ ಬಂದು ತಪೇಲಿಯನ್ನು ದತ್ತಪ್ಪನ ಮುಂದೆ ಇಟ್ಟಳು.

"ಸಾಹೇಬ್ರ, ಹುಡುಗರಿಗೆ ವಾಂತಿ ಆಗಿದ್ದು ನನ್ನಿಂದ. ಈಕಿ ಹಾಕಿದ ಕಲಾಯಿ ಪ್ರತಿ ಸಲ ಇಟ್ಟಂಗಿ ಪುಡಿ ಹಚ್ಚಿ ತಿಕ್ಕಿ ತೆಗದಾಕಿ ನಾನು. ಈಗೂ ತೆಗದೀನಿ, ನೋಡ್ರಿ."

ದತ್ತಪ್ಪ ಬಗ್ಗಿ ನೋಡಿದ. ಸ್ವಲ್ಪ ಹೊತ್ತಿನ ಹಿಂದೆ ಮಾಸ್ತರನ ಮುಖ ಕಂಡಿದ್ದ ಜಾಗ ಕೆಂಪಾಗಿತ್ತು. "ಯಾಕ ತಿಕ್ಕಿದ್ರಿ, ಅವ್ವಾರ?"

"ಅಕ್ಕಾ, ನೀ ಒಳಗ ನಡಿ," ಎಂದ ಅಜ್ಜ. ಅವನಿಗೆ ಏನೋ ವಾಸನೆ ಹತ್ತಿರಬೇಕು.

"ನೀ ಸುಮ್ಮಕಿರು, ಅಣವೀರಾ." ಹೇಳಿಯೇಬಿಟ್ಟಳು. ಹೆಂಗಸಿನ ಕೈ, ಹೊರಗೆ ಕೂಡುವ ದಿನ, ಕೇಳಲು ನಾಚಿಕೆ, ಮೂರು ಸಲ ತಿಕ್ಕಿದ್ದು, ಒಂದನ್ನೂ ಬಿಡದೆ ಹೇಳಿದಳು. ಅಜ್ಜ ಛಾವಣಿಯ ತೊಲೆಗಳನ್ನು ಹೊಸದಾಗಿ ನೋಡುವವನಂತೆ ನೋಡುತ್ತ ಕೂತ. ಮಾಸ್ತರ ಕಾಲಲ್ಲೇ ಇದ್ದ ಚಪ್ಪಲಿ ಹುಡುಕತೊಡಗಿದ. ದತ್ತಪ್ಪ ಚಹಾ ಮುಗಿದ ಬಟ್ಟಲನ್ನೇ ಮತ್ತೆ ಮತ್ತೆ ಬಾಯಿಗೆ ಹಿಡಿದ.

"ಈಗ ಕೇಳಿದ್ರ, ಆಕಿದು ನಿಂತು ಎರಡು ವರ್ಷ ಆಗ್ಯಾದಂತ," ಎಂದು ಶಿವಕಾಂತಮ್ಮ ಮಾತು ಮುಗಿಸಿದಳು. "ವಿಷ ಹಾಕ್ಯಾಳ ಅಂತ ಓಣ್ಯಾಗ ಅಂದವ್ರು ಯಾರ್ಯಾರು ಇದ್ದಾರೋ, ಅವ್ರೆಲ್ಲಾ ನನಗ ಬಂದು ಅನ್ನಲಿ."

ಆಗ ಅಂಗಳದಿಂದ ಒಂದು ವಿಚಿತ್ರ ಸದ್ದು ಬಂತು. ಎಲ್ಲರೂ ತಿರುಗಿ ನೋಡಿದರೆ ಲಾಲ್ ಅಹ್ಮದ್ ತಿದಿಯ ಮೇಲೆ ತಲೆಯಿಟ್ಟು ಭುಜ ಕುಣಿಸಿ ಕುಣಿಸಿ ನಗುತ್ತಿದ್ದ. ಪಡಸಾಲೆಯ ತುಂಬ ಗಂಡಸರು ಮುಖ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುವುದನ್ನು ಕಂಡು, ಇಷ್ಟು ದಿನ ಅವನ ಎದೆಯ ಮೇಲೆ ಕೂತಿದ್ದ ಭಾರ ಸಡಿಲಿತೋ ಏನೋ. ಗಂಡ ನಕ್ಕದ್ದನ್ನು ಎರಡು ವರ್ಷದ ನಂತರ ನೋಡಿದ ಮಸ್ತಾನಬಿ ಹಿತ್ತಲ ಸಂದಿಯಲ್ಲೇ ನಿಂತು ಅತ್ತಳಂತೆ.

ದತ್ತಪ್ಪ ಕಾಯಿದೆಯ ಮನುಷ್ಯ. ತಪ್ಪು ಗೊತ್ತಾಯಿತೆಂದು ಪರೀಕ್ಷೆ ಬಿಡಲಿಲ್ಲ. ಮಸ್ತಾನಬಿ ಮತ್ತೆ ಕಲಾಯಿ ಹಾಕಿದಳು, ಶಿವಕಾಂತಮ್ಮ ಬರಿ ನೀರಲ್ಲಿ ತೊಳೆದು ಒಲೆಯ ಮೇಲಿಟ್ಟಳು. ಪಲ್ಯ ಆಯಿತು, ಮುದ್ರೆ ಬಿತ್ತು. ಬೆಳಗ್ಗೆ ಬಿಚ್ಚಿದಾಗ ಪುಂಡಿಯ ಹುಳಿ ವಾಸನೆ ಪಡಸಾಲೆ ತುಂಬಿತು, ಪಾತ್ರೆಯ ಅಂಚು ಬೆಳ್ಳಗೇ ಇತ್ತು. ದತ್ತಪ್ಪ ಉಜ್ಜಿ ನೋಡಲು ತನ್ನ ಬಿಳಿಯ ಬಟ್ಟೆ ಜೇಬಿನಿಂದ ತೆಗೆಯುವ ಮೊದಲೇ ಶಿವಕಾಂತಮ್ಮ ರೊಟ್ಟಿ ಮುರಿದು ಮೊದಲ ತುತ್ತು ತಾನು ತಿಂದಳು. ಇನ್ನೊಂದು ರೊಟ್ಟಿಯ ಮೇಲೆ ಪಲ್ಯ ಹಾಕಿಕೊಂಡು ಅಂಗಳಕ್ಕೆ ಇಳಿದಳು. ಕಲಾಯಿಯವರಿಗೆ ಮುಟ್ಟದೆ ಮೇಲಿನಿಂದ ಎತ್ತಿ ಹಾಕುವುದು ರೂಢಿ. ಆಕೆ ಮಸ್ತಾನಬಿಯ ಅಂಗೈ ಹಿಡಿದು ಅದರ ಮೇಲೆ ರೊಟ್ಟಿ ಇಟ್ಟಳು. ಆಮೇಲೆ ಸ್ನಾನ ಮಾಡಿದಳೋ ಏನೋ ನನಗೆ ಗೊತ್ತಿಲ್ಲ. ಮಾಡಿರಲೂಬಹುದು. ಆ ಹಿಡಿತವನ್ನು ಮಾತ್ರ ಮಸ್ತಾನಬಿ ಮುದುಕಿಯಾದ ಮೇಲೂ ತನ್ನ ಅಂಗೈ ತೆರೆದು ನನಗೆ ತೋರಿಸಿದಳು.

ಕೆಲವು ದಿನಕ್ಕೆ ಶಹರದ ಎಲ್ಲ ಖಾನಾವಳಿಗಳ ಗೋಡೆಗೆ ಬಲದಿಯಾದ ಹೊಸ ಕಾಯಿದೆ ಅಂಟಿಸಿದರು, ಕನ್ನಡದಲ್ಲೂ ಉರ್ದುವಿನಲ್ಲೂ. ಕಲಾಯಿ ಹಾಕಿದ ಪಾತ್ರೆಯ ಒಳಗೆ ಇಟ್ಟಂಗಿ ಪುಡಿ ಹಚ್ಚಬಾರದು. ಕಾರಣ ಬರೆದಿರಲಿಲ್ಲ. ಬರೆಯುವ ಎದೆಗಾರಿಕೆ ಯಾವ ಗಂಡಸಿಗಿತ್ತು? ಯಾಕೆ ಎಂದು ಕೇಳಿದ ಹೋಟೆಲಿನವರಿಗೆ ದತ್ತಪ್ಪ, "ಕಾಯಿದಿ ಅಂದ್ರ ಕಾಯಿದಿ," ಎಂದು ಹೇಳಿ ಬೇಗ ಬೇಗ ಮುಂದೆ ನಡೆಯುತ್ತಿದ್ದ.

ಮುದ್ರೆ ಬಿಚ್ಚಿದ ಆ ಬೆಳಗ್ಗೆ ರೊಟ್ಟಿ ತಿಂದು ಗಂಡ ಹೆಂಡತಿ ನಮ್ಮ ಖಾನಾವಳಿಯಿಂದ ಹೊರಬಿದ್ದರು. ಗಾಜಿಪುರದ ಓಣಿಯಲ್ಲಿ ಮಂದಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಶಿವಕಾಂತಮ್ಮನ ಮಾತು ಅಷ್ಟರಲ್ಲಿ ಎಲ್ಲರ ಮನೆಗೂ ತಲುಪಿತ್ತು. ಕೂಗಬೇಕೆಂದು ಮಸ್ತಾನಬಿ ಉಸಿರು ಎಳೆದುಕೊಂಡಳು. ಆದರೆ ಆಕೆಗಿಂತ ಮೊದಲು ಹಿಂದಿನಿಂದ, ತಿದಿ ಹೊತ್ತವನ ಬಾಯಿಂದ ದನಿ ಬಂತು. ಮೊದಲು ಒಡೆದ ದನಿ, ಆಮೇಲೆ ತುಸು ಸರಿಯಾಗಿ, ಮೂರನೆಯ ಸಲಕ್ಕೆ ಹಳೆಯ ಗಟ್ಟಿ ದನಿ.

"ಭಾಂಡೇ ಕಲಾಯೀ..."

ಒಬ್ಬ ಮುದುಕಿ ಹಿತ್ತಾಳೆಯ ಬೋಗುಣಿ ಎತ್ತಿಕೊಂಡು ಹೊಸ್ತಿಲು ದಾಟಿ ಬಂದಳು. ಲಾಲ್ ಅಹ್ಮದ್ ಕೈ ಚಾಚಿದರೆ ಕೊಡಲಿಲ್ಲ, ಎದೆಗೆ ಅವಚಿಕೊಂಡಳು.

"ಕಲಾಯಿ ನೀ ಹಾಕ್ತೀಯೋ, ಆಕಿ ಹಾಕ್ತಾಳೋ? ಆಕಿ ಹಾಕೋದಿದ್ರ ಕೊಡ್ತೀನಿ."

"ಆಕೀನೇ ಹಾಕ್ತಾಳ್ರೀ, ಅವ್ವಾ," ಎಂದ ಲಾಲ್ ಅಹ್ಮದ್, ಇಡೀ ಓಣಿಗೆ ಕೇಳುವ ಹಾಗೆ. "ನಾ ಬರೇ ಕೂಗಾಂವ್ರಿ."